ಏರಿನಲ್ಲಿ ಕಾರು ಎಳೆಯುತ್ತಿಲ್ಲವೇ? ಪಾರ್ಟ್ ಬದಲಿಸುವ ಮೊದಲು ಹೀಗೆ ಹುಡುಕಿ

‘ಗಾಡಿಗೆ ಪಿಕಪ್ಪೇ ಇಲ್ಲ, ಸೆಕೆಂಡ್ ಗೇರಿಗೆ ಇಳಿಸದೆ ಏರು ಹತ್ತುತ್ತಿಲ್ಲ.’ ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಗ್ಯಾರೇಜುಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಎಂಜಿನ್ ಸ್ವಲ್ಪ ಸೊರಗಿದರೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳು, ತೋಟದ ಒಳಗಿನ ಕಡಿದಾದ ಮಣ್ಣುರಸ್ತೆಗಳು ಸಣ್ಣ ಕೊರತೆಯನ್ನೂ ಎತ್ತಿ ತೋರಿಸುತ್ತವೆ.

ಈ ದೂರಿಗೆ ಎಷ್ಟೋ ಕಡೆ ಸಿಗುವ ಪರಿಹಾರ ಒಂದೇ. ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುವುದು. ಫಿಲ್ಟರ್ ಹಾಕಿ ನೋಡೋಣ, ಆಗದಿದ್ದರೆ ಪ್ಲಗ್, ಆಮೇಲೆ ಸೆನ್ಸರ್, ಆಮೇಲೆ ಇಂಜೆಕ್ಟರ್. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಪರಿಚಯದವರೊಬ್ಬರ ಡೀಸೆಲ್ ಕಾರಿಗೆ ‘ಟರ್ಬೊ ಹೋಗಿದೆ’ ಎಂದು ದೊಡ್ಡ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಆದರೆ ನಿಜವಾದ ತೊಂದರೆ ಇದ್ದದ್ದು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಭಾಗದ ಒಂದು ಸೀಳಿನಲ್ಲಿ. ಟರ್ಬೊ ಚೆನ್ನಾಗಿಯೇ ಇತ್ತು. ಯಾರಾದರೂ ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗಾಗಿ ಮೊದಲು ಹುಡುಕಿ, ಆಮೇಲೆ ಬದಲಿಸಿ. ಕೆಳಗಿನ ಹೆಜ್ಜೆಗಳಲ್ಲಿ ಮುಕ್ಕಾಲುಪಾಲು ನಿಮ್ಮ ಮನೆಯಂಗಳದಲ್ಲೇ ಮಾಡಬಹುದು. ಉಳಿದದ್ದು ಮೆಕ್ಯಾನಿಕ್ ಕೆಲಸ. ಆದರೂ ಅವರು ಏನು ಮಾಡುತ್ತಿದ್ದಾರೆ ಎನ್ನುವುದು ನಿಮಗೆ ಗೊತ್ತಿರಲಿ.

ಮೊದಲ ಪ್ರಶ್ನೆ: ಇದು ನಿಜಕ್ಕೂ ದೋಷವೇ?

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಬಲ ಕಳೆದುಕೊಳ್ಳುತ್ತದೆ. ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಹಾಸನ ಸಾವಿರಕ್ಕಿಂತ ತುಸು ಕಡಿಮೆ. ಮುಳ್ಳಯ್ಯನಗಿರಿ ಶಿಖರ ಸುಮಾರು 1,930 ಮೀಟರ್. ಅಂದರೆ ಮಂಗಳೂರಿನಲ್ಲಿ 80 ಎಚ್‌ಪಿ ಕೊಡುವ ಎಂಜಿನ್ ಚಿಕ್ಕಮಗಳೂರಿಗೆ ಬಂದಾಗ 71–72ರ ಆಸುಪಾಸಿನಲ್ಲಿರುತ್ತದೆ. ಗಿರಿಯ ರಸ್ತೆಯ ಮೇಲ್ತುದಿಯಲ್ಲಿ 65ರ ಹತ್ತಿರಕ್ಕೆ ಇಳಿಯುತ್ತದೆ. ಕರಾವಳಿಯಿಂದ ಬಂದ ನೆಂಟರು ‘ಯಾಕೋ ಗಾಡಿ ಎಳೀತಿಲ್ಲ’ ಎಂದರೆ ಗಾಬರಿ ಬೇಡ. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಟರ್ಬೊ ಗಾಡಿ ಎತ್ತರದಲ್ಲಿ ತೀರಾ ಸೊರಗಿದರೆ ಅನುಮಾನ ಪಡಲು ಕಾರಣವಿದೆ.

ಇದರ ಜೊತೆಗೆ ಹೊರೆಯನ್ನೂ ಲೆಕ್ಕ ಹಾಕಿ. ಒಂದು ಲೀಟರಿನ ಸಣ್ಣ ಎಂಜಿನ್, ಐದು ಜನ, ಡಿಕ್ಕಿಯಲ್ಲಿ 50 ಕೆ.ಜಿ.ಯ ಎರಡು ಕಾಫಿ ಮೂಟೆ, ಮೇಲೆ ಎಸಿ. ಇಷ್ಟಾದರೆ ಘಾಟಿಯಲ್ಲಿ ಯಾವ ಹೊಸ ಗಾಡಿಯೂ ತೆವಳುತ್ತದೆ.

ಹೋಲಿಸಿ ನೋಡಲು ಒಂದು ಒಳ್ಳೆಯ ದಾರಿ ಇದೆ. ನೀವು ದಿನಾ ಓಡಾಡುವ ಒಂದು ಏರನ್ನು ಆರಿಸಿಕೊಳ್ಳಿ. ಅದು ಅಗಲವಾಗಿರಲಿ, ದೂರದವರೆಗೆ ಕಾಣುವಂತಿರಲಿ. ಗಾಡಿ ಚೆನ್ನಾಗಿದ್ದಾಗ ಆ ಏರನ್ನು ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಹತ್ತುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದೆ ಅನುಮಾನ ಬಂದಾಗ ಅದೇ ಏರು, ಅದೇ ಗೇರು, ಎಸಿ ಆಫ್, ಒಬ್ಬರೇ. ಕೈಮರದಿಂದ ಮುಳ್ಳಯ್ಯನಗಿರಿಗೆ ಹತ್ತುವ ರಸ್ತೆಯಲ್ಲಿ ಮಾತ್ರ ಇಂಥ ಪರೀಕ್ಷೆ ಬೇಡ. ಅದು ಕಿರಿದು, ತಿರುವು ಜಾಸ್ತಿ, ಶನಿವಾರ ಭಾನುವಾರ ಗಾಡಿಗಳ ಸಾಲು.

ಎರಡನೇ ಪ್ರಶ್ನೆ: ಎಂಜಿನ್ ದುಡಿಯುತ್ತಿಲ್ಲವೋ, ದುಡಿದದ್ದು ಚಕ್ರಕ್ಕೆ ಮುಟ್ಟುತ್ತಿಲ್ಲವೋ?

ಇದನ್ನು ಬೇರ್ಪಡಿಸದೆ ಬಾನೆಟ್ ಎತ್ತಬೇಡಿ. ಎಷ್ಟೋ ಸಲ ಎಂಜಿನ್ನಿನ ತಪ್ಪೇ ಇರುವುದಿಲ್ಲ.

ಕ್ಲಚ್ ನೋಡಲು ಖಾಲಿ ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ. 40–45 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ವೇಗ ಮಾತ್ರ ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ಆರ್‌ಪಿಎಂ ಮತ್ತು ವೇಗ ಎರಡೂ ಒಟ್ಟಿಗೆ ನಿಧಾನವಾಗಿ ಏರಿದರೆ ಕ್ಲಚ್ ಸರಿ ಇದೆ, ಎಂಜಿನ್ ಕಡೆ ನೋಡಬೇಕು. ಈ ಪರೀಕ್ಷೆ ಕೆಲವೇ ಸೆಕೆಂಡ್ ಸಾಕು. ಪದೇ ಪದೇ ಮಾಡಿದರೆ ಚೆನ್ನಾಗಿದ್ದ ಕ್ಲಚ್ಚೂ ಸವೆಯುತ್ತದೆ. ಘಾಟಿಯ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇರುವವರ ಗಾಡಿಯಲ್ಲಿ ಇದನ್ನೇ ಮೊದಲು ಅನುಮಾನಿಸಿ.

ಮುಂದೆ ಬ್ರೇಕ್. ಮಲೆನಾಡಿನ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಹಿಂದಿನ ಬ್ರೇಕ್ ಹಿಡಿದುಕೊಳ್ಳುವುದು ತೀರಾ ಸಾಮಾನ್ಯ. ಕ್ಯಾಲಿಪರಿನ ಪಿನ್ನುಗಳೂ ತುಕ್ಕು ಹಿಡಿಯುತ್ತವೆ. ಬ್ರೇಕ್ ಹೆಚ್ಚು ಬಳಸದೆ ಎಂಟು ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ನಾಲ್ಕು ಚಕ್ರಗಳ ಹತ್ತಿರ ಕೈ ಒಯ್ದು ಬಿಸಿ ಹೋಲಿಸಿ. ಡ್ರಮ್, ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಒಂದು ಚಕ್ರ ಮಾತ್ರ ಜಾಸ್ತಿ ಬಿಸಿ ಇದ್ದರೆ ಅಪರಾಧಿ ಸಿಕ್ಕ ಹಾಗೆ. ತುಂಬ ದಿನ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡುವುದು ಒಳ್ಳೆಯದು. ಟೈರ್ ಗಾಳಿಯನ್ನೂ ಈಗಲೇ ನೋಡಿಬಿಡಿ.

ಮೂರನೇ ಪ್ರಶ್ನೆ: ಯಾವಾಗ ಸೊರಗುತ್ತದೆ?

ಸುಮ್ನೆ ‘ಪಿಕಪ್ ಇಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದು ಯಾವಾಗ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಊರೊಳಗೆ ಚೆನ್ನಾಗಿ ಓಡಿ, ಉದ್ದದ ಏರಿನಲ್ಲಿ ಮಾತ್ರ ನಿಧಾನಕ್ಕೆ ಬಲ ಇಳಿದರೆ ಇಂಧನ ಸಾಕಾಗುತ್ತಿಲ್ಲ ಎನ್ನುವ ಅನುಮಾನ ಮೊದಲು. ಕೆಳಗಿನ ಆರ್‌ಪಿಎಂನಲ್ಲಿ ಪರವಾಗಿಲ್ಲ, 3,000 ದಾಟಿದ ಮೇಲೆ ಗಾಡಿ ಕಟ್ಟಿಹಾಕಿದಂತಾದರೆ ಗಾಳಿ ಒಳಬರುವ ದಾರಿ ಅಥವಾ ಹೊಗೆ ಹೊರಹೋಗುವ ದಾರಿ ಮುಚ್ಚಿದೆ. ಜರ್ಕ್ ಹೊಡೆಯುತ್ತಾ, ಎಂಜಿನ್ ನಡುಗುತ್ತಾ ಬಲ ಕಳೆದುಕೊಂಡರೆ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಇದ್ದಕ್ಕಿದ್ದಂತೆ ಬಲ ಹೋಗಿ, ಎಷ್ಟು ಒತ್ತಿದರೂ ಆರ್‌ಪಿಎಂ ಒಂದು ಮಟ್ಟದ ಮೇಲೆ ಏರದೆ, ಆಫ್ ಮಾಡಿ ಆನ್ ಮಾಡಿದಾಗ ಸ್ವಲ್ಪ ಹೊತ್ತು ಸರಿಹೋದರೆ ಅದು ಲಿಂಪ್ ಮೋಡ್. ಗಾಡಿಯ ಕಂಪ್ಯೂಟರ್ ಏನನ್ನೋ ಕಂಡು ಎಂಜಿನ್ನನ್ನು ಕಾಪಾಡಲು ಬಲ ಕಡಿಮೆ ಮಾಡಿದೆ. ಆಗ ಅಂದಾಜು ಮಾಡುವ ಅಗತ್ಯವೇ ಇಲ್ಲ, ಕಾರಣ ಕೋಡ್ ರೂಪದಲ್ಲಿ ಒಳಗೇ ಬರೆದಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ತೊಂದರೆ ಶುರುವಾದರೆ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವುದು), ಫ್ಯುಯೆಲ್ ಪಂಪ್, ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವುದು) ಈ ಮೂವರ ಮೇಲೆ ಕಣ್ಣಿಡಿ.

ಹೊಗೆಯ ಬಣ್ಣವನ್ನೂ ಯಾರಿಗಾದರೂ ಹಿಂದಿನಿಂದ ನೋಡಲು ಹೇಳಿ. ಕಪ್ಪು ಹೊಗೆ ಎಂದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ, ಓಡಿಸುವುದನ್ನು ನಿಲ್ಲಿಸಿ. ಚಳಿಗಾಲದ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದಾಗ ಬರುವ ತೆಳು ಬಿಳಿ ಆವಿ ಬರೀ ನೀರಿನದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕಣ್ಣಿಂದ, ಕೈಯಿಂದ ನೋಡಿ

ಶುರು ಮಾಡುವುದು ಡ್ರೈವರ್ ಕಾಲಿನ ಹತ್ತಿರ. ಮಳೆಗಾಲದಲ್ಲಿ ಕೆಸರಿಗೆ ಹೆದರಿ ಮ್ಯಾಟ್ ಮೇಲೆ ಮ್ಯಾಟ್, ಅದರ ಮೇಲೆ ಪೇಪರ್ ಹಾಸಿರುತ್ತೇವೆ. ಆಕ್ಸಿಲರೇಟರ್ ಪೂರ್ತಿ ಕೆಳಗೆ ಹೋಗುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿ. ಮ್ಯಾಟಿಗೆ ತಾಗಿ ಮುಕ್ಕಾಲಿಗೇ ನಿಂತರೆ ಪೂರ್ತಿ ಬಲ ಎಲ್ಲಿಂದ ಬರಬೇಕು? ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟ್ ಅಪಾಯಕ್ಕೂ ದಾರಿ. ತೆಗೆದುಬಿಡಿ.

ಮುಂದೆ ಏರ್ ಫಿಲ್ಟರ್. ಇದರ ಡಬ್ಬಿ ತೆಗೆಯಲು ಬಹುತೇಕ ಗಾಡಿಗಳಲ್ಲಿ ಕ್ಲಿಪ್ ಬಿಚ್ಚಿದರೆ ಸಾಕು, ಕೆಲವಕ್ಕೆ ಸ್ಕ್ರೂಡ್ರೈವರ್ ಬೇಕು. ಬೇಸಿಗೆಯಲ್ಲಿ ತೋಟದ ಮಣ್ಣುರಸ್ತೆ, ಕಾಫಿ ಕಣದ ದೂಳು ಎರಡೂ ಸೇರಿ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿಗಿಂತ ಬಹಳ ಮೊದಲೇ ಮುಚ್ಚಿಬಿಡುತ್ತವೆ. ಬೆಳಕಿಗೆ ಹಿಡಿದು ನೋಡಿ. ಬೆಳಕು ದಾಟದಿದ್ದರೆ ಹೊಸದು ಹಾಕಿ. ‘ಫಿಲ್ಟರ್ ತೆಗೆದು ಓಡಿಸಿ ನೋಡೋಣ’ ಎನ್ನುವವರ ಮಾತು ಕೇಳಬೇಡಿ. ಒಳಹೋದ ದೂಳು ಸಿಲಿಂಡರನ್ನೂ ಟರ್ಬೊವನ್ನೂ ಸವೆಸುತ್ತದೆ.

ಆ ಡಬ್ಬಿಯೊಳಗೆ ಇನ್ನೊಂದು ವಿಷಯ ಸಿಗಬಹುದು. ಇಲಿ ಗೂಡು. ಶೆಡ್ಡಿನಲ್ಲಿ ಅಡಿಕೆ, ಕಾಫಿ, ದನದ ಮೇವಿನ ಪಕ್ಕ ಗಾಡಿ ನಿಲ್ಲಿಸುವ ನಮ್ಮೂರುಗಳಲ್ಲಿ ಇದು ಅಪರೂಪವಲ್ಲ. ಗಾಳಿ ಒಳಬರುವ ಕೊಳವೆಯಲ್ಲಿ ಒಣ ಎಲೆ, ಬಟ್ಟೆ ಚೂರು, ಹಲಸಿನ ಬೀಜದ ಸಿಪ್ಪೆ ತುಂಬಿಟ್ಟಿರುತ್ತವೆ. ಇದಕ್ಕಿಂತ ಕೆಟ್ಟದ್ದು ವೈರ್ ಕಡಿಯುವುದು. ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಕಡಿದರೆ ಡೀಸೆಲ್ ಗಾಡಿಯ ಟರ್ಬೊ ಕೆಲಸವೇ ಮಾಡದಂತಾಗಬಹುದು. ಎಷ್ಟೋ ಟರ್ಬೊಗಳ ಬ್ಲೇಡ್ ಅಥವಾ ವೇಸ್ಟ್‌ಗೇಟನ್ನು (ಹೆಚ್ಚಾದ ಹೊಗೆಯನ್ನು ಬೇರೆ ದಾರಿಗೆ ಬಿಡುವ ಬಾಗಿಲು) ತೆರೆದು ಮುಚ್ಚುವುದು ಆ ಸಣ್ಣ ಪೈಪಿನೊಳಗಿನ ವ್ಯಾಕ್ಯೂಮೇ. ಆದ್ದರಿಂದ ಟಾರ್ಚ್ ಹಿಡಿದು ಪ್ರತಿ ಪೈಪನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ಬೆರಳಲ್ಲಿ ಮುಟ್ಟಿ. ಪೈಪಿನ ಬೆನ್ನು ಚೆನ್ನಾಗಿ ಕಾಣುತ್ತದೆ, ಸೀಳು ಅಡಿಯಲ್ಲಿರುತ್ತದೆ. ಕನ್ನಡಿ ಚೂರು ಅಥವಾ ಮೊಬೈಲ್ ಕ್ಯಾಮೆರಾ ಕೆಳಗೆ ಹಿಡಿದರೆ ಅದೂ ಕಾಣುತ್ತದೆ.

ಟರ್ಬೊ ಗಾಡಿಯಾದರೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ಪೈಪುಗಳ ಕ್ಲ್ಯಾಂಪ್ ಅಲ್ಲಾಡಿಸಿ ನೋಡಿ. ಜಾಯಿಂಟ್ ಹತ್ತಿರ ಒದ್ದೆ ಆಯಿಲ್ ಕಲೆ ಹೊಸದಾಗಿ ಕಂಡರೆ ಅಲ್ಲಿಂದ ಗಾಳಿ ಸೋರುತ್ತಿರಬಹುದು. ಏರಿನಲ್ಲಿ ಒತ್ತಿದಾಗ ‘ಹುಸ್ಸ್’ ಸದ್ದು, ಜೊತೆಗೆ ಕಪ್ಪು ಹೊಗೆ, ಬಲ ಇಲ್ಲ. ಈ ಮೂರೂ ಸೇರಿದರೆ ಟರ್ಬೊ ಬದಲಿಸುವ ಮಾತಿಗೆ ಮೊದಲು ಪೈಪೇ ನೋಡಿ.

ಸ್ಕ್ಯಾನರ್: ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ

2013ರ ನಂತರ ತಯಾರಾದ ಬಹುತೇಕ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ದೋಷದ ಕೋಡ್ ಓದಲು 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಆಯಿತು. ಘಟ್ಟದ ಊರಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ಇದಕ್ಕಿಂತ ಉಪಯೋಗದ ಸಾಧನ ನನಗೆ ಗೊತ್ತಿಲ್ಲ.

ಮೊದಲು ಕೋಡ್ ಓದಿ, ಬರೆದುಕೊಳ್ಳಿ. ಬರೆದುಕೊಳ್ಳದೆ ಅಳಿಸಬೇಡಿ. ಬಲ ಕಡಿಮೆಯಾದಾಗ ಹೆಚ್ಚಾಗಿ ಸಿಗುವ ಕೆಲವು ಇವು. ಪಿ0299: ಟರ್ಬೊ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ. ಪಿ0087: ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯಲ್ಲಿ (ರೈಲ್) ಒತ್ತಡ ಕಡಿಮೆ. ಪಿ0171: ಪೆಟ್ರೋಲಿಗಿಂತ ಗಾಳಿ ಜಾಸ್ತಿ. ಪಿ0300: ಮಿಸ್‌ಫೈರ್, ಇಂಥದ್ದೇ ಸಿಲಿಂಡರ್ ಎಂದಿಲ್ಲ. ಪಿ0301ರಿಂದ ಪಿ0304: ಕೊನೆಯ ಅಂಕಿಯೇ ಸಿಲಿಂಡರಿನ ನಂಬರ್. ಪಿ0101: ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಲೆಕ್ಕ ತಾಳೆಯಾಗುತ್ತಿಲ್ಲ. ಪಿ2463: ಡಿಪಿಎಫ್‌ನಲ್ಲಿ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ತುಂಬಿದೆ. ಪಿ0016: ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೊಂದಿಕೆ ತಪ್ಪಿದೆ, ಟೈಮಿಂಗ್ ಚೈನ್ ಹಿಗ್ಗಿರಬಹುದು.

ಇಲ್ಲೇ ದುಡ್ಡು ಪೋಲಾಗುವುದು. ಪಿ0299 ಬಂದರೆ ಟರ್ಬೊ ಬದಲಿಸು, ಪಿ0101 ಬಂದರೆ ಸೆನ್ಸರ್ ಬದಲಿಸು ಎಂದು ಕೋಡ್ ಹೇಳುವುದಿಲ್ಲ. ಸೋರುವ ಪೈಪ್ ಎರಡನ್ನೂ ತರಬಲ್ಲದು. ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಎಂದು ಮಾತ್ರ.

ಕೋಡ್ ಇಲ್ಲದಿದ್ದರೂ ಲೈವ್ ಡೇಟಾ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ತೋರಿಸುವುದು ಸುತ್ತಲಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು 101 ಕಿಲೊಪಾಸ್ಕಲ್. ಹಾಸನದಲ್ಲಿ ಸುಮಾರು 90, ಚಿಕ್ಕಮಗಳೂರಿನಲ್ಲಿ 89, ಮುಳ್ಳಯ್ಯನಗಿರಿಯ ತುದಿಯಲ್ಲಿ 80 ಇರಬೇಕು. ಚಿಕ್ಕಮಗಳೂರಿನಲ್ಲಿ ನಿಂತು 101 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಬೇರೆ ಊರಿನ ಪುಸ್ತಕದ ಅಂಕಿ ಹಿಡಿದುಕೊಂಡು ಇಲ್ಲಿನ 89ನ್ನು ತಪ್ಪು ಎನ್ನುವವರೂ ಇದ್ದಾರೆ. ಹುಷಾರಾಗಿರಿ.

ಇನ್ನು ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ನೋಡುತ್ತಿರಲಿ, ನೀವು ಏರಿನಲ್ಲಿ ಪೂರ್ತಿ ಒತ್ತಿ. ಮ್ಯಾಪ್ ಅಂಕಿ ಆ ಊರಿನ ಒತ್ತಡದ ಹತ್ತಿರಕ್ಕೆ ಬರಬೇಕು. 89ರ ಬದಲು 75ಕ್ಕೇ ನಿಂತರೆ ಗಾಳಿಯ ದಾರಿಯಲ್ಲಿ ಏನೋ ಅಡ್ಡ ಇದೆ, ಅಥವಾ ಥ್ರಾಟಲ್ ಪೂರ್ತಿ ತೆರೆಯುತ್ತಿಲ್ಲ. ಡ್ರೈವ್ ಮಾಡುತ್ತಾ ನೀವೇ ಮೊಬೈಲ್ ನೋಡುವುದು ಖಂಡಿತ ಬೇಡ.

ಪೆಟ್ರೋಲ್ ಗಾಡಿಯ ಇನ್ನೊಂದು ಅಂಕಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣದಲ್ಲಿ ಮಾಡುವ ಹೆಚ್ಚು ಕಡಿಮೆ. ಸೊನ್ನೆಯಿಂದ ಆಚೀಚೆ ಶೇ 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪ್ಲಸ್ ಕಡೆಗೆ ಅದನ್ನು ದಾಟಿದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸಿ ಹೆಚ್ಚಿಸಿ ಕೊಡುತ್ತಿದೆ ಎಂದರ್ಥ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸರಿಹೋದರೆ ಎಲ್ಲೋ ಪೈಪಿನಿಂದ ಕದ್ದು ಗಾಳಿ ಒಳಬರುತ್ತಿದೆ. ಇದಕ್ಕೆ ತಿರುಗಾಗಿ, ಹೊರೆ ಬಿದ್ದಷ್ಟೂ ಜಾಸ್ತಿಯಾದರೆ ಇಂಧನ ಸಾಲುತ್ತಿಲ್ಲ. ಈ ಒಂದು ವ್ಯತ್ಯಾಸ ಎರಡು ದಿನದ ಹುಡುಕಾಟ ಉಳಿಸುತ್ತದೆ.

ಕೂಲಂಟ್ ಬಿಸಿಯನ್ನೂ ನೋಡಿಕೊಳ್ಳಿ. ಎಷ್ಟು ಓಡಿಸಿದರೂ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಕೂತಿದೆ. ಏರಿನಲ್ಲಿ 110ರ ಕಡೆ ಹೋಗುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ, ಆರಲು ಬಿಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಇಂಧನದ ಕಡೆ

ಡೀಸೆಲ್ ಗಾಡಿಯವರು ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿತು ಎಂದು ಬಿಲ್ ತೆಗೆದು ನೋಡಿ. ನೆನಪಿನ ಮೇಲೆ ಹೋಗಬೇಡಿ. ತೋಟದಲ್ಲಿ ಸ್ಪ್ರೇಯರ್, ಜನರೇಟರ್, ಪಂಪ್‌ಸೆಟ್ಟಿಗೆ ಎಂದು ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟಿರುತ್ತಾರೆ. ಅದನ್ನೇ ಕಾರಿಗೂ ಹಾಕಿಕೊಳ್ಳುವವರು ಇದ್ದಾರೆ. ಮಳೆಗಾಲದ ತೇವಕ್ಕೆ ಬ್ಯಾರಲಿನ ಒಳಗೋಡೆಯಲ್ಲಿ ನೀರು ಹನಿಗಟ್ಟಿ ತಳಕ್ಕೆ ಇಳಿಯುತ್ತದೆ, ತುಕ್ಕೂ ಸೇರುತ್ತದೆ. ಕಾಮನ್ ರೈಲ್ ಎಂಜಿನ್ನಿನ ಪಂಪು, ಇಂಜೆಕ್ಟರುಗಳಿಗೆ ನೀರು ವಿಷ. ಬ್ಯಾರಲ್ ಡೀಸೆಲ್ ಕಾರಿಗೆ ಹಾಕಲೇಬೇಡಿ. ಬಹಳಷ್ಟು ಫಿಲ್ಟರುಗಳ ಅಡಿಯಲ್ಲಿ ನೀರು ಬಿಡುವ ಸ್ಕ್ರೂ ಇರುತ್ತದೆ. ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆದರೆ ರೈಲ್ ಪೈಪಿನ ನಟ್ಟಿಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮದೊಳಗೇ ಹೋಗುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ‘ಗುಂಯ್’ ಎನ್ನುವ ಪಂಪಿನ ಸದ್ದು ಬರಬೇಕು. ಸದ್ದು ಬಂದ ಮಾತ್ರಕ್ಕೆ ಒತ್ತಡ ಸರಿ ಇದೆ ಎಂದಲ್ಲ. ಗೇಜ್ ಹಾಕಿ ಅಳೆಯಬೇಕು. ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಗಾಡಿಗಳಲ್ಲಿ 3ರಿಂದ 4 ಬಾರ್ ಇರುತ್ತದೆ, ಹೊರೆ ಬಿದ್ದಾಗಲೂ ಅದು ಕುಸಿಯಬಾರದು.

ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಪಿಕಪ್ ಹೋಯಿತು ಎನ್ನುವವರು ಬಹಳ. ಎಥನಾಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಆದರೆ ಇದ್ದಕ್ಕಿದ್ದಂತೆ ಏರು ಹತ್ತದಂತಾಗಲು ಅದೊಂದೇ ಕಾರಣವಾಗುವುದಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ ಎನ್ನುವುದನ್ನು ಮಾತ್ರ ನೆನಪಿಡಿ. ತಿಂಗಳುಗಟ್ಟಲೆ ಕಾಲು ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡಿ.

ಪೆಟ್ರೋಲ್ ಗಾಡಿ ನಡುಗುತ್ತಿದ್ದರೆ

ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಅದು ಜೋರಾದ ಮಿಸ್‌ಫೈರ್. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಹಾಗೇ ಓಡಿಸಿದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನಡಿ ಒಣ ಹುಲ್ಲು, ತರಗೆಲೆ ಇರುವ ಕಡೆ ನಿಲ್ಲಿಸಬೇಡಿ.

ಕಾಯಿಲ್ ಹೋಗಿದೆಯೋ ಇಲ್ಲವೋ ತಿಳಿಯಲು ಹೊಸದು ಕೊಳ್ಳಬೇಕಾಗಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಪಿ0302 ಬಂದಿದ್ದರೆ, ಎಂಜಿನ್ ಆರಿಸಿ, ಎರಡನೆಯದರ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಎರಡಕ್ಕೂ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲೇ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ಸರಿ ಇದೆ, ಪ್ಲಗ್ಗುಗಳನ್ನು ಅದಲು ಬದಲು ಮಾಡಿ ನೋಡಿ. ಆಗಲೂ ಎರಡನೇ ಸಿಲಿಂಡರೇ ಹೇಳಿದರೆ ಇಂಜೆಕ್ಟರ್ ಅಥವಾ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ). ಮಳೆ ಬಂದಾಗ ಮಾತ್ರ ಮಿಸ್ ಹೊಡೆಯುವ ಗಾಡಿಯಲ್ಲಿ ಕಾಯಿಲಿನ ರಬ್ಬರ್ ಬೂಟಿನಲ್ಲಿ ಸಣ್ಣ ಬಿರುಕು ಇರುತ್ತದೆ. ಕಪ್ಪು ಗೆರೆಯಂತೆ ಕಾಣುತ್ತದೆ.

ಬಿಎಸ್ 6 ಡೀಸೆಲ್ ಮತ್ತು ಡಿಪಿಎಫ್

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಇರುತ್ತದೆ. ಅದು ತುಂಬಿದಾಗ ಗಾಡಿ ತಾನೇ ಅದನ್ನು ಬಿಸಿ ಮಾಡಿ ಮಸಿ ಸುಡುತ್ತದೆ. ಅದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದ ಮನೆಯಿಂದ ಪೇಟೆಗೆ ಐದು ಕಿಲೋಮೀಟರ್, ಮಕ್ಕಳನ್ನು ಶಾಲೆಗೆ ಬಿಟ್ಟು ವಾಪಸ್. ಇಷ್ಟೇ ಓಡಾಟ ಇರುವ ಗಾಡಿಯಲ್ಲಿ ಮಸಿ ಸುಡಲು ಅವಕಾಶವೇ ಸಿಗುವುದಿಲ್ಲ. ಶುರುವಾಗುತ್ತದೆ, ಅಷ್ಟರಲ್ಲಿ ಆಫ್ ಮಾಡುತ್ತೇವೆ. ಕೊನೆಗೆ ಬಲ ಕಡಿಮೆಯಾಗಿ ದೀಪ ಹತ್ತುತ್ತದೆ.

ಡಿಪಿಎಫ್ ದೀಪ ಮಾತ್ರ ಹತ್ತಿದ್ದರೆ, ಬೇರೆ ದೀಪ ಇಲ್ಲದಿದ್ದರೆ, ಗಾಡಿಯ ಕೈಪಿಡಿ ಹೇಳಿದಂತೆ ಓಡಿಸಿ. ಹೆಚ್ಚಿನ ಗಾಡಿಗಳಲ್ಲಿ 60 ಕಿ.ಮೀ.ಗಿಂತ ಮೇಲೆ, 2,000 ಆರ್‌ಪಿಎಂ ಸುತ್ತಮುತ್ತ, 15–20 ನಿಮಿಷ ಬಿಡದೆ ಓಡಿದರೆ ಸಾಕು. ಚಿಕ್ಕಮಗಳೂರಿನವರಿಗೆ ಕಡೂರು ರಸ್ತೆ, ಹಾಸನದವರಿಗೆ ಚನ್ನರಾಯಪಟ್ಟಣದ ಕಡೆಯ ಚತುಷ್ಪಥ ಇದಕ್ಕೆ ಅನುಕೂಲ. ಘಾಟಿ ಬೇಡ. ತಿಂಗಳಿಗೆ ಒಂದೆರಡು ಸಲ ಹೀಗೆ ಓಡಿಸುವ ಅಭ್ಯಾಸ ಇದ್ದರೆ ದೀಪ ಹತ್ತುವುದೇ ಅಪರೂಪ. ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟವನ್ನೂ ನೋಡುತ್ತಿರಿ. ಮಟ್ಟ ಏರುತ್ತಿದ್ದರೆ ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಆಯಿಲಿಗೆ ಸೇರುತ್ತಿದೆ. ಆಗ ಆಯಿಲ್ ಬದಲಿಸಲೇಬೇಕು.

ಎಂಜಿನ್ ದೀಪವೂ ಹತ್ತಿ ಲಿಂಪ್ ಮೋಡಿಗೆ ಹೋಗಿದ್ದರೆ ಓಡಿಸಿ ಸುಡಿಸುವ ಪ್ರಯತ್ನ ಬೇಡ. ಮೊದಲು ಮಸಿ ಯಾಕೆ ತುಂಬಿತು ಎಂದು ತಿಳಿಯಬೇಕು. ಸೋರುವ ಟರ್ಬೊ ಪೈಪ್, ಅಂಟಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವುದು), ಕೆಟ್ಟ ಇಂಜೆಕ್ಟರ್ ಇವೆಲ್ಲ ಮಸಿ ಹೆಚ್ಚಿಸುತ್ತವೆ. ‘ಡಿಪಿಎಫ್ ತೆಗೆಸಿಬಿಡಿ ಸಾರ್, ಗಾಡಿ ಹಾರುತ್ತೆ’ ಎನ್ನುವ ಸಲಹೆ ಕಾನೂನಿಗೂ ವಿರುದ್ಧ, ಆ ಹೊಗೆ ಕುಡಿಯುವ ನಮ್ಮ ಮಕ್ಕಳಿಗೂ ಕೆಟ್ಟದ್ದು.

ಇಷ್ಟಾದ ಮೇಲೂ ಸಿಗದಿದ್ದರೆ

ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುಚ್ಚಿಕೊಂಡಿರಬಹುದು. ಮೂಗು ಮುಚ್ಚಿಕೊಂಡು ಗುಡ್ಡ ಹತ್ತಿದ ಹಾಗೆ, ಎಂಜಿನ್ ಒದ್ದಾಡುತ್ತದೆ. ಮೆಕ್ಯಾನಿಕ್ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ ಒತ್ತಡ ಅಳೆಯಬಹುದು. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐಗಿಂತ ಜಾಸ್ತಿ ಬಂದರೆ ದಾರಿ ಮುಚ್ಚಿದೆ. ಕನ್ವರ್ಟರ್ ತಾನಾಗಿ ಸಾಯುವುದು ಕಡಿಮೆ. ಹಳೆಯ ಮಿಸ್‌ಫೈರ್ ಅಥವಾ ಆಯಿಲ್ ಉರಿಯುವುದನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹಾಳಾಗುತ್ತದೆ.

ಕೊನೆಯದು ಕಂಪ್ರೆಶನ್ ಪರೀಕ್ಷೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಇರುತ್ತದೆ. ಎತ್ತರದ ಊರಿನಲ್ಲಿ ಅಂಕಿ ಸ್ವಲ್ಪ ಇಳಿಯುವುದು ಸಹಜ. ಆದ್ದರಿಂದ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. ಒಂದು ಮಾತ್ರ ತುಂಬ ಕಡಿಮೆ ಇದ್ದರೆ ಅದಕ್ಕೆ ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಅಂಕಿ ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಪರೀಕ್ಷೆಯ ಅಂಕಿ ಕಾಗದದಲ್ಲಿ ಕೊಡದೆ ಎಂಜಿನ್ ಬಿಚ್ಚಲು ಹೇಳಿದರೆ ಒಪ್ಪಬೇಡಿ.

ಗ್ಯಾರೇಜಿಗೆ ಹೋಗುವಾಗ

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿನಿಂದ, ಯಾವ ಏರಿನಲ್ಲಿ, ಯಾವ ಗೇರು, ಎಷ್ಟು ಆರ್‌ಪಿಎಂ, ಬಿಸಿಯಾದ ಮೇಲೋ ಮೊದಲೋ, ಹೊಗೆ ಯಾವ ಬಣ್ಣ, ಯಾವ ಕೋಡ್. ಅದಕ್ಕೆ ಮೊದಲು ಏನಾದರೂ ರಿಪೇರಿ ಆಗಿತ್ತೇ ಎನ್ನುವುದನ್ನೂ ಸೇರಿಸಿ. ಸರ್ವಿಸ್ ಆದ ಮರುದಿನವೇ ತೊಂದರೆ ಶುರುವಾದರೆ ಬಿಚ್ಚಿದ ಪೈಪು, ಸಿಕ್ಕಿಸದ ಕನೆಕ್ಟರ್ ಮೊದಲು ನೋಡಬೇಕು. ಒಳ್ಳೆಯ ಮೆಕ್ಯಾನಿಕ್ ಈ ಹಾಳೆ ನೋಡಿ ಖುಷಿಪಡುತ್ತಾರೆ. ನಮ್ಮ ಸಣ್ಣ ಊರುಗಳಲ್ಲಿ ಅಂಥವರು ಇದ್ದಾರೆ, ಸ್ಕ್ಯಾನರ್ ಇಲ್ಲದೆ ಸದ್ದಿನಲ್ಲೇ ಮಿಸ್ ಹಿಡಿಯುವವರು. ಅವರಿಗೆ ಸಮಯ ಕೊಡಿ, ಹುಡುಕಿದ್ದಕ್ಕೂ ಕೂಲಿ ಕೊಡಿ. ಹುಡುಕುವ ಕೆಲಸಕ್ಕೆ ನಾವು ಬೆಲೆ ಕೊಡದಿದ್ದರೆ ಅವರು ಪಾರ್ಟ್ ಮಾರಿಯೇ ಬದುಕಬೇಕಾಗುತ್ತದೆ.

ಯಾವುದೇ ದುಬಾರಿ ಪಾರ್ಟ್ ಬದಲಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಇದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?’ ಬದಲಿಸಿದ ಹಳೆಯ ಪಾರ್ಟ್ ಕೇಳಿ ತೆಗೆದುಕೊಳ್ಳಿ. ಕೋಡ್ ಅಳಿಸಿದ ಮೇಲೆ ಅದೇ ಏರಿಗೆ, ಅದೇ ಗೇರಿನಲ್ಲಿ, ಮೆಕ್ಯಾನಿಕ್ಕನ್ನೂ ಕೂರಿಸಿಕೊಂಡು ಹೋಗಿ ಬನ್ನಿ. ಆಮೇಲೆ ಒಂದು ವಾರ ಮಾಮೂಲಿಯಾಗಿ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಹಾಕಿ. ಕೆಲವು ಕೋಡುಗಳು ಎರಡು ಮೂರು ಸಲ ಓಡಿಸಿದ ಮೇಲಷ್ಟೇ ಮರಳಿ ಬರುತ್ತವೆ. ಹಾಗಾಗಿ ದೀಪ ಆರಿದ ದಿನವೇ ಬಿಲ್ ಹರಿದು ಹಾಕಬೇಡಿ.